ಉಪಕರಣವೂ ನಿಷ್ಠೆಯೂ

ಒಂದು ಕಂಪನಿಯ ಕ್ಯಾಮರಾವನ್ನು ಬಿಟ್ಟು ಇನ್ನೊಂದು ಕಂಪನಿಯದನ್ನು ಕೊಳ್ಳಬೇಕೆ ಬೇಡವೆ ಎಂಬುದು ಅಂಗಡಿಯ ಕಟ್ಟೆಯ ಮೇಲೆ ತೀರತಕ್ಕ ಮಾತೇ ಹೊರತು ಸಾಹಿತ್ಯ ಪತ್ರಿಕೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಯಲ್ಲವೆಂದು ವಾಚಕರಲ್ಲಿ ಅನೇಕರಿಗೆ ತೋರಬಹುದು. ನನಗೂ ಮೊದಲು ಹಾಗೆಯೇ ತೋರಿತ್ತು. ಆದರೆ ಈ ಪ್ರಶ್ನೆ ಕಳೆದ ಎಂಟು ತಿಂಗಳಿಂದ ನನ್ನ ಬೆನ್ನು ಬಿಟ್ಟಿಲ್ಲ. ಬಿಡದಿರುವುದಕ್ಕೆ ಹಣದ ಚಿಂತೆಯೊಂದೇ ಕಾರಣವಲ್ಲವೆಂಬುದು ನನಗೆ ತಡವಾಗಿ ಗೊತ್ತಾಯಿತು. ಮನುಷ್ಯನು ತನ್ನ ಕೈಯ ಉಪಕರಣವನ್ನು ಬದಲಿಸಲು ಹೊರಟಾಗ ತನ್ನ ವಿಷಯವಾಗಿ ತಾನೇ ಎಷ್ಟು ಸುಳ್ಳು ಹೇಳಿಕೊಳ್ಳುತ್ತಾನೆಂಬುದನ್ನು ನಾನು ಈ ಅವಧಿಯಲ್ಲಿ ಸ್ವಲ್ಪಮಟ್ಟಿಗೆ ಕಂಡಿದ್ದೇನೆ. ಕಂಡುದನ್ನು ಬರೆಯುತ್ತೇನೆ.

ನಾನು ತಳಕಲ್ಲಿನವನು. ಮಾಸ್ತರಿಕೆಯಿಂದ ನಿವೃತ್ತನಾಗಿ ಕೆಲವು ವರ್ಷಗಳಾದವು. ಕುಕನೂರು, ಇಟಗಿಗಳ ಗುಡಿಗಳನ್ನೂ ಸುತ್ತಲಿನ ಹೊಲಗಳ ಬದುವಿನಲ್ಲಿ ವಾಲಿ ನಿಂತ ವೀರಗಲ್ಲು ಶಾಸನಗಲ್ಲುಗಳನ್ನೂ ಚಿತ್ರ ತೆಗೆದಿಡುವುದು ಬಹುಕಾಲದಿಂದ ನನ್ನ ಹವ್ಯಾಸ. ಇದಕ್ಕಾಗಿ ಒಂದೇ ಕಂಪನಿಯ ಕ್ಯಾಮರಾವನ್ನು ಬಳಸುತ್ತ ಬಂದಿದ್ದೇನೆ. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಲೇಖನವು ಜಾಹೀರಾತಾದೀತು, ಇಲ್ಲವೆ ದೂರಾದೀತು. ನನ್ನಲ್ಲಿರುವ ಐದು ಲೆನ್ಸುಗಳಲ್ಲಿ ಎರಡು ನನ್ನ ಅಣ್ಣನವು. ಆತನು ಕುಕನೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದನು, ಈಗ ಆತನಿಲ್ಲ. ಸ್ಟುಡಿಯೋವನ್ನು ಆತನ ಮಗನು ನಡೆಸುತ್ತಾನೆ.

ಪ್ರಶ್ನೆ ಹುಟ್ಟಿದ್ದು ಹೀಗೆ. ನಮ್ಮ ಓಣಿಯಲ್ಲಿ ಒಬ್ಬ ಮುದುಕಿ ಇದ್ದಳು. ನಾನು ಸಾಲೆಗೆ ಹೋಗುವ ಹುಡುಗನಾಗಿದ್ದಾಗ ನನ್ನ ಕೈಗೆ ಬಿಸಿರೊಟ್ಟಿಯನ್ನಿಟ್ಟು ಕಳುಹುತ್ತಿದ್ದವಳು. ಹೋದ ಮಹಾನವಮಿಯ ದಿನ ನಾನು ಕ್ಯಾಮರಾವನ್ನು ಪೂಜೆಗಿಟ್ಟು, ಕುಂಕುಮ ಹಚ್ಚಿದ ಹಾಗೆಯೇ ಅದನ್ನು ಹೆಗಲಿಗೇರಿಸಿ ಹೊರಟಿದ್ದಾಗ ಆಕೆ ಪಡಸಾಲೆಯಿಂದ ಕೂಗಿ, “ನಂದೂ ಒಂದು ತೆಗಿಯಪ್ಪಾ” ಎಂದಳು. ನಾನು ಅವಸರದಲ್ಲಿದ್ದೆ. ಪಡಸಾಲೆ ಕತ್ತಲೆಯಾಗಿತ್ತು. ನಿಂತಲ್ಲಿಯೇ ಒಂದು ತೆಗೆದೆ, ನಕ್ಕಳು, ಇನ್ನೊಂದು ತೆಗೆದೆ, ನಡೆದೆ. ಮಾಘದಲ್ಲಿ ಆಕೆ ತೀರಿಕೊಂಡಳು. ಹಾರ ಹಾಕುವುದಕ್ಕೆ ಚಿತ್ರ ಬೇಕೆಂದು ಮನೆಯವರು ನನ್ನಲ್ಲಿಗೆ ಬಂದಾಗ ತೆರೆದು ನೋಡಿದರೆ, ಹಿಂದಿನ ಮರದ ಕಂಬದ ಗಂಟುಗಳೆಲ್ಲ ಕೆತ್ತಿದ ಹಾಗೆ ನಿಚ್ಚಳವಾಗಿವೆ. ಮುದುಕಿಯ ಮುಖ ಮಾತ್ರ ಎರಡು ಚಿತ್ರಗಳಲ್ಲಿಯೂ ಮಸುಕು. ಕೊನೆಗೆ ಅವರು ಆಧಾರ್ ಚೀಟಿಯೊಳಗಿನ, ಸಾಸಿವೆಗಣ್ಣಿನ ಆ ಸಣ್ಣ ಚಿತ್ರವನ್ನೇ ದೊಡ್ಡದು ಮಾಡಿಸಿ ತೂಗುಹಾಕಿದರು.

ಆ ರಾತ್ರಿಯೇ ನಾನು ಬೇರೆ ಕಂಪನಿಯ ಕ್ಯಾಮರಾಗಳ ಬೆಲೆಯನ್ನು ವಿಚಾರಿಸತೊಡಗಿದೆನು. ವಾಚಕರು ಈ ಅನುಕ್ರಮವನ್ನು ಗಮನಿಸಬೇಕು. ನನಗೆ ಮೊದಲು ಬಂದುದು ದುಃಖವಲ್ಲ, ಪಶ್ಚಾತ್ತಾಪವೂ ಅಲ್ಲ, ಬೆಲೆಯ ಪಟ್ಟಿ. ಈಗಿನ ಕ್ಯಾಮರಾಗಳು ಮನುಷ್ಯನ ಕಣ್ಣನ್ನು ತಾವೇ ಗುರುತಿಸಿ, ಆತ ಅಲ್ಲಾಡಿದರೂ ಕಣ್ಣಿನ ಮೇಲೆಯೇ ದೃಷ್ಟಿಯನ್ನಿಟ್ಟಿರುತ್ತವೆ. ಅಂಥದೊಂದು ನನ್ನಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲವೆಂದು ನಾನು ಮನೆಯವರಿಗೆಲ್ಲ ವಿವರಿಸಿದೆ. ಅವರು ಕೇಳಿಕೊಂಡರು. ಹೇಳುತ್ತ ಹೋದಷ್ಟೂ ನನ್ನ ಹೆಗಲು ಹಗುರಾಯಿತು. ಹಗುರಾದದ್ದನ್ನು ಕಂಡೇ ನನಗೆ ಸಂಶಯ ಹುಟ್ಟಿತು.

ಈ ಕಾಲದ ಚಿತ್ರಗಳಲ್ಲಿ ಒಂದು ನಿರ್ದಯವಾದ ಗುಣವುಂಟು. ಪ್ರತಿಯೊಂದು ಚಿತ್ರವೂ ತಾನು ಹೇಗೆ ತೆಗೆಯಲ್ಪಟ್ಟಿತೆಂಬುದನ್ನು ತನ್ನೊಳಗೇ ಬರೆದುಕೊಂಡಿರುತ್ತದೆ. ತೆರೆದು ನೋಡಿದೆ. ಸೆಕೆಂಡಿನ 15ನೆಯ ಒಂದು ಪಾಲು ಕಾಲ, ಗ್ರಹಣಶಕ್ತಿ ಐ.ಎಸ್.ಓ. 800. ತಿಳಿದವರಿಗೆ ಇಷ್ಟು ಸಾಕು. ಬಲ್ಲದವರಿಗಾಗಿ ಹೇಳುತ್ತೇನೆ: ಸೆಕೆಂಡಿನ 15ರ ಒಂದು ಪಾಲಿನಲ್ಲಿ ನಗುವ ಮುಖವೊಂದು ಮಸುಕಾಗದೆ ನಿಲ್ಲುವುದು ಕಷ್ಟ. ಗ್ರಹಣಶಕ್ತಿಯನ್ನು 3200ಕ್ಕೆ ಏರಿಸಿದ್ದರೆ ಅದೇ ಬೆಳಕಿನಲ್ಲಿ 60ರ ಒಂದು ಪಾಲು ಸಿಕ್ಕುತ್ತಿತ್ತು. ನನ್ನ ಹಳೆಯ ಕ್ಯಾಮರಾಕ್ಕೆ ಅದು ಸಾಧ್ಯವಿತ್ತು. ಚಿತ್ರದಲ್ಲಿ ರವೆರವೆಯಾಗಿ ಕಾಳು ಕಾಣಿಸಿಕೊಳ್ಳುತ್ತಿತ್ತು, ಅಷ್ಟೇ. ಆ ಕಾಳು ನನಗೆ ಸೇರದು. ಗುಡಿಯ ಕಲ್ಲನ್ನು ಮುಕ್ಕಾಲಿಯ ಮೇಲೆ ನಿಧಾನವಾಗಿ ತೆಗೆದು, ಅದರ ನುಣುಪಿಗೆ ಒಗ್ಗಿಹೋದ ನನ್ನ ಕಣ್ಣಿಗೆ ಅದು ಕೊಳೆಯ ಹಾಗೆ ಕಾಣುತ್ತದೆ. ಕಾಳಿಲ್ಲದ ಕಂಬವನ್ನು ಪಡೆಯುವುದಕ್ಕಾಗಿ ನಾನು ಮುದುಕಿಯ ಮುಖವನ್ನು ಕಳೆದುಕೊಂಡೆ. ಆಕೆಯನ್ನು ನಾಲ್ಕು ಹೆಜ್ಜೆ ನಡೆಸಿ ಬಾಗಿಲ ಬೆಳಕಿನಲ್ಲಿ ಕೂರಿಸಿದ್ದರೆ ಇದಾವುದೂ ಬೇಕಿರಲಿಲ್ಲ. ಆದರೆ ದೃಷ್ಟಿ ಮುಖವನ್ನು ಬಿಟ್ಟು ಕಂಬವನ್ನು ಹಿಡಿದದ್ದು ಯಂತ್ರದ ತಪ್ಪೇ. ಕಣ್ಣನ್ನು ಗುರುತಿಸುವ ಯಂತ್ರವು ಆ ತಪ್ಪು ಮಾಡುತ್ತಿರಲಿಲ್ಲವೆಂಬುದೂ ನಿಜವೇ. ಪಾಲು ಹಂಚಿದರೆ ಯಂತ್ರಕ್ಕೆ ಕಾಲು, ನನಗೆ ಮುಕ್ಕಾಲು ಬರುತ್ತದೆ. ನಾನು ಕಾಲನ್ನು ಹಿಡಿದುಕೊಂಡು ಎರಡೂವರೆ ಲಕ್ಷ ರೂಪಾಯಿಯ ವ್ಯವಹಾರಕ್ಕೆ ಹೊರಟಿದ್ದೆನು.

ಇಷ್ಟಾದ ಮೇಲೂ ಪ್ರಶ್ನೆ ತೀರಲಿಲ್ಲ. ಕಾಲು ಪಾಲೂ ಪಾಲೇ ಅಲ್ಲವೆ? “ಕುಣಿಯಲಾರದವಳು ನೆಲ ಡೊಂಕೆಂದಳು” ಎಂಬ ಗಾದೆಯನ್ನು ಎಲ್ಲ ಕಡೆಗೂ ಹೊರಿಸುವುದು ಸುಲಭ. ನೆಲವು ಕೆಲವು ಸಲ ನಿಜವಾಗಿಯೂ ಡೊಂಕಾಗಿರುತ್ತದೆ. ಚಿತ್ರವನ್ನು ತೆಗೆಯುವುದು ಕಣ್ಣು, ಕ್ಯಾಮರಾ ಅಲ್ಲ ಎಂದು ದೊಡ್ಡ ಮಾತಾಡುವವರನ್ನು ನಾನು ಬಹಳ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರ ಕೈಯಲ್ಲಿ ಒಳ್ಳೆಯ ಕ್ಯಾಮರಾವೇ ಇರುತ್ತದೆ. ಆದುದರಿಂದ ಬದಲಿಸಬಾರದೆಂಬ ಪಕ್ಷಕ್ಕೆ ಏನು ಆಧಾರವಿದೆಯೆಂಬುದನ್ನೂ ನೋಡಬೇಕಾಯಿತು.

ಆ ಪಕ್ಷದ ಮೊದಲನೆಯ ವಾದ ನಿಷ್ಠೆ. ಇಷ್ಟು ವರ್ಷ ಅನ್ನ ಹಾಕಿದ ಕಂಪನಿಯನ್ನು ಬಿಡುವುದು ಕೃತಘ್ನತೆಯೆಂದು ನಮ್ಮ ಕಡೆಯ ಸ್ಟುಡಿಯೋದವರಲ್ಲಿ ಹಲವರು ಮನಸಾರೆ ನಂಬಿದ್ದಾರೆ. ಎರಡು ಕಂಪನಿಗಳ ಪಕ್ಷದವರು ಮದುವೆಯ ಊಟದ ಪಂಕ್ತಿಯಲ್ಲಿ ಜಗಳವಾಡಿದ್ದನ್ನೂ ನಾನು ಕೇಳಿದ್ದೇನೆ. ಆದರೆ ಕಂಪನಿಗಳು ನಮಗೆ ಎಂದಾದರೂ ಅಂಥ ವಚನವನ್ನು ಕೊಟ್ಟಿವೆಯೆ? 1987ರಲ್ಲಿ ಕ್ಯಾನನ್ ಕಂಪನಿಯು ತನ್ನ ಹಳೆಯ ಲೆನ್ಸಿನ ಬಾಯಿಯನ್ನೇ ಕೈಬಿಟ್ಟು ಹೊಸತೊಂದನ್ನು ತಂದಿತು; ಅದರ ಹಿಂದಿನ ದಿನದವರೆಗೆ ಕೊಂಡ ಲೆನ್ಸುಗಳು ಹೊಸ ಕ್ಯಾಮರಾಗಳಿಗೆ ಕೂಡದೆ ಹೋದವು. ತಂತ್ರದ ದೃಷ್ಟಿಯಿಂದ ಅದು ಜಾಣತನವೇ, ಏಕೆಂದರೆ ದೃಷ್ಟಿಯನ್ನು ತಾನೇ ಹೊಂದಿಸುವ ಮೋಟಾರನ್ನು ಲೆನ್ಸಿನೊಳಗೇ ಇಟ್ಟು, ಕ್ಯಾಮರಾದೊಡನೆ ಅದು ವಿದ್ಯುತ್ತಿನ ಮೂಲಕವೇ ಮಾತಾಡುವಂತೆ ಮಾಡಿದರು. ಕೊಂಡವನ ಮನೆಯ ಕಪಾಟಿನಲ್ಲಿ ಮಾತ್ರ ಹಳೆಯ ಲೆನ್ಸು ಹಾಗೆಯೇ ಉಳಿಯಿತು. ನಿಕಾನ್ ಕಂಪನಿಯು 1959ರಿಂದ ಒಂದೇ ಬಾಯಿಯನ್ನು ಬಹುಕಾಲ ಕಾಪಾಡಿಕೊಂಡು ಬಂದಿತು; ಅದೂ 2018ರಲ್ಲಿ ಕನ್ನಡಿಯಿಲ್ಲದ ಕ್ಯಾಮರಾಕ್ಕೆ ಬೇರೆ ಬಾಯಿಯನ್ನು ಮಾಡಿತು. ಅದೇ ವರ್ಷ ಕ್ಯಾನನ್ ಕೂಡ ಮತ್ತೊಮ್ಮೆ ಹಾಗೆಯೇ ಮಾಡಿತು. ಕೊನಿಕಾ ಮಿನೋಲ್ಟಾ 2006ರಲ್ಲಿ ಕ್ಯಾಮರಾದ ವ್ಯವಹಾರವನ್ನೇ ಬಿಟ್ಟು ಅದನ್ನು ಸೋನಿಗೆ ಒಪ್ಪಿಸಿತು. ಒಲಿಂಪಸ್ ತನ್ನ ಕ್ಯಾಮರಾ ವಿಭಾಗವನ್ನು 2021ರ ಆರಂಭದಲ್ಲಿ ಪರರ ಕೈಗೆ ಕೊಟ್ಟಿತು. ಇವರಲ್ಲಿ ಯಾರೂ ನಮ್ಮನ್ನು ಕೇಳಲಿಲ್ಲ. ಕೇಳಬೇಕಾದ ಋಣವೂ ಅವರಿಗಿರಲಿಲ್ಲ. ಬೆಲೆ ಕೊಟ್ಟೆವು, ಸರಕು ಪಡೆದೆವು, ಅಲ್ಲಿಗೆ ಸಂಬಂಧ ತೀರಿತು.

ಈ ಲೆನ್ಸಿನ ಬಾಯಿಯೆಂಬುದನ್ನು ನಮ್ಮೂರಿನವರಿಗೆ ತಿಳಿಸಬೇಕಾದರೆ ನಾನು ರೈಲಿನ ಹೋಲಿಕೆಯನ್ನು ಕೊಡುತ್ತೇನೆ. ತಳಕಲ್ಲಿನ ಮೇಲೆ ಹಾಯುವ ಹುಬ್ಬಳ್ಳಿ ಗುಂತಕಲ್ಲಿನ ಹಾದಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹಾಕಿದಾಗ ಎರಡು ಹಳಿಗಳ ನಡುವಿನ ಅಂತರ ಒಂದು ಮೀಟರು. 1990ರ ದಶಕದಲ್ಲಿ ಅದನ್ನು ಕಿತ್ತು 1676 ಮಿಲಿಮೀಟರಿನ ದೊಡ್ಡ ಹಾದಿಯನ್ನು ಮಾಡಿದರು. ಹಳೆಯ ಗಾಡಿಗಳು ಕೆಟ್ಟಿರಲಿಲ್ಲ. ಓಡಲು ಹಳಿಯಿಲ್ಲದೆ ಹೋಯಿತು. ಈಗ ನಮ್ಮ ನಿಲ್ದಾಣದಿಂದ ಕುಕನೂರು, ಯಲಬುರ್ಗಾಗಳ ಮೇಲೆ ಕುಷ್ಟಗಿಯ ಕಡೆಗೆ ಹೊಸ ಹಾದಿ ಹೊರಟಿರುವುದನ್ನು ಕಂಡು ಹಿಗ್ಗುವವರಲ್ಲಿ ಯಾರೂ ಆ ಸಣ್ಣ ಹಳಿಗೆ ನಾವು ನಿಷ್ಠರಾಗಿರಬೇಕಿತ್ತೆಂದು ಹೇಳುವುದಿಲ್ಲ. ಹಳಿಯನ್ನು ಬದಲಿಸಿದ್ದಕ್ಕೆ ಕಾರಣವಿತ್ತು. ಲೆನ್ಸಿನ ಬಾಯಿಗೂ ಕಾರಣವಿದೆ. ಹಳೆಯ ಕ್ಯಾಮರಾದೊಳಗೆ ಬೆಳಕನ್ನು ಮೇಲಕ್ಕೆ ತಿರುಗಿಸಿ ಕಣ್ಣಿಗೆ ತೋರಿಸುವ ಕನ್ನಡಿಯೊಂದು ಏಳುತ್ತ ಬೀಳುತ್ತ ಇತ್ತು. ಅದಕ್ಕೆ ಜಾಗ ಬಿಡಲು ಲೆನ್ಸನ್ನು ದೂರ ನಿಲ್ಲಿಸಬೇಕಾಗುತ್ತಿತ್ತು, ನಿಕಾನಿನ ಹಳೆಯದರಲ್ಲಿ 46.5 ಮಿಲಿಮೀಟರು. ಕನ್ನಡಿಯನ್ನು ತೆಗೆದ ಮೇಲೆ ಅದೇ ಕಂಪನಿಯ ಹೊಸತರಲ್ಲಿ ಈ ದೂರ 16 ಮಿಲಿಮೀಟರಿಗೆ ಇಳಿಯಿತು. ಹಳೆಯ ಲೆನ್ಸಿಗೂ ಹೊಸ ಕ್ಯಾಮರಾಕ್ಕೂ ನಡುವೆ ಉಳಿದ ತೆರಪಿನಲ್ಲಿ ಒಂದು ಬಳೆಯನ್ನು ತೊಡಿಸಿದರೆ ಎರಡೂ ಕೂಡುತ್ತವೆ. ಪರಕಂಪನಿಯ ಲೆನ್ಸುಗಳೂ ಬಹುಮಟ್ಟಿಗೆ ಕೂಡುತ್ತವೆ. ಈ ವಿಷಯದಲ್ಲಿ ರೈಲಿಗಿಂತ ಕ್ಯಾಮರಾ ಉದಾರವಾದುದು.

ಹಾಗಾದರೆ ನಿಷ್ಠೆಯೆಂಬುದು ಬರಿಯ ಭ್ರಮೆಯೆ? ಹಾಗೆಂದು ಒಪ್ಪಲು ಮನಸ್ಸು ಬರುವುದಿಲ್ಲ. ನಮ್ಮ ಎರೆಯ ಹೊಲದ ಒಕ್ಕಲಿಗನು ಮುದಿಯಾದ ಎತ್ತನ್ನು ಮಾರುವಾಗ ಅದರ ಕಣ್ಣನ್ನು ನೋಡಲಾರದೆ ಮುಖ ತಿರುಗಿಸಿಕೊಳ್ಳುತ್ತಾನೆ. ಎತ್ತಿಗೆ ಅವನ ಮೇಲೆ ಹಕ್ಕಿದೆ. ಅದು ಹಸಿದಿದೆ, ದುಡಿದಿದೆ, ಅವನ ದನಿಯನ್ನು ಬಲ್ಲುದು. ಅದೇ ಒಕ್ಕಲಿಗನು ಟ್ರಾಕ್ಟರನ್ನು ಬದಲಿಸುವಾಗ, ಯಾವುದರ ಬಿಡಿಭಾಗ ಕೊಪ್ಪಳದಲ್ಲಿ ಸಿಕ್ಕುತ್ತದೆ, ಬಿತ್ತನೆಯ ನಡುವೆ ಕೆಟ್ಟು ನಿಂತರೆ ಯಾವನು ಬಂದು ಅದೇ ದಿನ ಸರಿಮಾಡುತ್ತಾನೆ ಎಂದು ಮಾತ್ರ ಕೇಳುತ್ತಾನೆ. ಇದು ಕಠಿಣ ಹೃದಯವಲ್ಲ, ವಿವೇಕ. ಕ್ಯಾಮರಾ ಎತ್ತಲ್ಲ. ಆದರೂ ಮಹಾನವಮಿಯಲ್ಲಿ ನಾವು ಅದಕ್ಕೆ ಕುಂಕುಮವನ್ನು ಹಚ್ಚುತ್ತೇವಲ್ಲ, ಆ ಪೂಜೆ ಯಾರಿಗೆ? ತಯಾರಿಸಿದ ಕಂಪನಿಗಲ್ಲವೆಂಬುದು ನಿಸ್ಸಂಶಯ. ತಕ್ಕಡಿಗೂ ಕತ್ತರಿಗೂ ಕುಂಟೆಗೂ ಕುಂಕುಮ ಬೀಳುವುದು ಅವು ಮಾಡಿಸಿದ ಕಾಯಕಕ್ಕಾಗಿ. ಕಾಯಕವು ಇರುವುದು ಕೈಯಲ್ಲಿ. ಹಾಗಾದರೆ ಉಪಕರಣವನ್ನು ಬದಲಿಸುವವನು ಕೈಗೆ ಉತ್ತರ ಕೊಡಬೇಕು.

ಕೈಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಬೆಲೆಯ ಪಟ್ಟಿಯಲ್ಲಿ ಇದಕ್ಕೆ ಅಂಕಣವಿಲ್ಲ. ನಿಕಾನಿನ ಲೆನ್ಸನ್ನು ಎದುರಿನಿಂದ ನೋಡುತ್ತ ಕ್ಯಾಮರಾಕ್ಕೆ ಕೂಡಿಸುವಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕು. ಕ್ಯಾನನ್ನಿನದನ್ನು ಮುಳ್ಳು ನಡೆಯುವ ಕಡೆಗೆ. ದೃಷ್ಟಿಯನ್ನು ಹೊಂದಿಸುವ ಬಳೆಯೂ ಒಂದರಲ್ಲಿ ಒಂದು ಕಡೆಗೆ, ಇನ್ನೊಂದರಲ್ಲಿ ಅದರ ಎದುರು ಕಡೆಗೆ ತಿರುಗುತ್ತದೆ. ಇದು ಓದುವವರಿಗೆ ಅಲ್ಪವಾಗಿ ಕಂಡೀತು. ಆದರೆ ಎಷ್ಟೋ ವರ್ಷ ಒಂದೇ ಕಡೆಗೆ ತಿರುಗಿದ ಬೆರಳುಗಳು ವಿಚಾರ ಮಾಡುವುದಿಲ್ಲ. ಹಕ್ಕಿ ಹಾರುವಷ್ಟರಲ್ಲಿ, ಮಗು ನಗುವಷ್ಟರಲ್ಲಿ ಅವು ತಿರುಗಿಬಿಟ್ಟಿರುತ್ತವೆ. ಹೊಸ ಯಂತ್ರದಲ್ಲಿ ಆ ಬೆರಳುಗಳೇ ಶತ್ರುಗಳಾಗುತ್ತವೆ. ಹೀಗೆ ಕೈಯು ಗಳಿಸಿದ ಜ್ಞಾನವು ಅಡವಿಟ್ಟು ಹಣ ತರಬಹುದಾದ ಸೊತ್ತಲ್ಲ. ಬದಲಿಸಿದ ದಿನ ಅದು ಸುಮ್ಮನೆ ನಷ್ಟವಾಗುತ್ತದೆ, ಮತ್ತೆ ಮೊದಲಿಂದ ದುಡಿಯಬೇಕಾಗುತ್ತದೆ. ಇಪ್ಪತ್ತೈದರ ಯುವಕನಿಗೆ ಅದು ಮೂರು ತಿಂಗಳ ಮಾತು. ನನ್ನ ವಯಸ್ಸಿನವನಿಗೆ ಎಷ್ಟೆಂದು ನಾನು ಹೇಳಲಾರೆ.

ಆದರೆ ಕೈಯ ಹೆಸರಿನಲ್ಲಿ ಸೋಮಾರಿತನವೂ ಮಾತಾಡುತ್ತದೆ. ನನ್ನ ಅಣ್ಣನ ಜೀವನವನ್ನೇ ನೋಡಿದರೆ, ಆತನು ಎಷ್ಟು ಸಲ ಬದಲಾಯಿಸಿದನು! ತೇಗದ ಮರದ, ಚರ್ಮದ ತಿದಿಯ ದೊಡ್ಡ ಕ್ಯಾಮರಾದ ಹಿಂದೆ ಕರಿಯ ಬಟ್ಟೆಯನ್ನು ಹೊದ್ದು ಆತನು ಕೆಲಸ ಕಲಿತನು; ಕೇರಳದ ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿ ಕ್ಯಾಮರಾಗಳು ಆಗ ದಕ್ಷಿಣದ ಸ್ಟುಡಿಯೋಗಳಲ್ಲಿ ಪ್ರಸಿದ್ಧವಾಗಿದ್ದವು. ಬಳಿಕ ಬಡೋದೆಯಲ್ಲಿ ಮಾಡುತ್ತಿದ್ದ ಆಗ್ಫಾ ಕ್ಲಿಕ್ ಬಂದಿತು. ಅದನ್ನು ಹಿಡಿದು ಜಾತ್ರೆಗಳಿಗೆ ಹೋದನು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮನ್ನು ಕತ್ತಲೆಕೋಣೆಯಲ್ಲಿ ತೊಳೆದನು. ಬಣ್ಣ ಬಂದಾಗ ತೊಳೆಯುವುದನ್ನು ಬಿಟ್ಟು ಹುಬ್ಬಳ್ಳಿಗೆ ಕಳುಹಿದನು. ಡಿಜಿಟಲ್ ಬಂದಾಗ ಬೆರಳು ನಡುಗುತ್ತ ಗಣಕಯಂತ್ರವನ್ನು ಕಲಿತನು. ಒಂದು ಸಲವೂ ಆತನು ಹಳೆಯದಕ್ಕಾಗಿ ಅತ್ತದ್ದನ್ನು ನಾನು ಕಾಣೆ. ಬದಲಿಸಿದರೆ ಕಲೆ ಹೋಗುತ್ತದೆಂದು ಹೇಳುವ ನಾನು ಹವ್ಯಾಸಿ. ಬದಲಿಸಿ ಮಕ್ಕಳನ್ನು ಸಾಕಿದ ಆತನು ಕಸುಬಿನವನು. ಈ ಭೇದವನ್ನು ಮರೆತು ಆಡುವ ತತ್ತ್ವಕ್ಕೆ ಬೆಲೆಯಿಲ್ಲ.

ಹಳೆಯದನ್ನು ಹಿಡಿದವರೆಲ್ಲ ಮೊಂಡರೂ ಅಲ್ಲ, ಹೊಸದನ್ನು ಹಿಡಿದವರೆಲ್ಲ ಚಪಲರೂ ಅಲ್ಲವೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ಒಂದು ದೃಷ್ಟಾಂತವಿದೆ. ಗಂಗಾವತಿಯ ಕಡೆಯ ಆನೆಗುಂದಿಯಿಂದ ಹೊಳೆ ದಾಟಿದರೆ ಹಂಪೆ. 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬವನು ಅಲ್ಲಿಯ ಹಾಳು ಗುಡಿಗಳ ಚಿತ್ರಗಳನ್ನು ತೆಗೆದನು. ಆ ಹೊತ್ತಿಗೆ ಗಾಜಿನ ಫಲಕದ ಹೊಸ ವಿಧಾನವು ಬಳಕೆಗೆ ಬಂದು ಐದು ವರ್ಷಗಳಾಗಿದ್ದವು. ಅದು ಹೆಚ್ಚು ನಿಚ್ಚಳವೆಂದೂ ಎಲ್ಲರೂ ಬಲ್ಲರು. ಆದರೂ ಅವನು ಮೇಣ ಹಿಡಿಸಿದ ಕಾಗದದ ಮೇಲೆಯೇ ತೆಗೆದನು. ಗಾಜನ್ನು ಹಸಿಯಾಗಿರುವಾಗಲೇ ಹೂಡಿ, ಆರುವುದರೊಳಗೆ ತೊಳೆಯಬೇಕು. ನಮ್ಮ ಕಡೆಯ ಬಿಸಿಲಿನಲ್ಲಿ, ಆ ಬಂಡೆಗಳ ನಡುವೆ, ಅದು ಆಗತಕ್ಕ ಕೆಲಸವಲ್ಲ. ಕಾಗದವನ್ನಾದರೆ ಮೊದಲೇ ಸಿದ್ಧಮಾಡಿಕೊಂಡು ಹೋಗಿ, ಡೇರೆಗೆ ಮರಳಿ ಸಾವಕಾಶವಾಗಿ ತೊಳೆಯಬಹುದು. ಅವನ ಕಾಗದದ ಪಡಿಯಚ್ಚುಗಳು ಅಡಿಗಿಂತ ದೊಡ್ಡವು; ಬಹುಕಾಲ ಕಣ್ಮರೆಯಾಗಿದ್ದು 1980ರಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಕಾಣಿಸಿಕೊಂಡವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಎಂಬವರು ಹಂಪೆಗೆ ಬಂದು ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರು ನಡುವಣ ಒಂದುನೂರ ಇಪ್ಪತ್ತೇಳು ವರ್ಷಗಳಲ್ಲಿ ಏನು ಉಳಿಯಿತು, ಏನು ಅಳಿಯಿತೆಂಬುದನ್ನು ಕೇಳುತ್ತಾರೆಯೇ ಹೊರತು ಕ್ಯಾಮರಾ ಯಾರದೆಂದು ಕೇಳುವುದಿಲ್ಲ.

ಹೊಸದನ್ನು ಹಿಡಿದವನ ದೃಷ್ಟಾಂತ ದೂರದ್ದು. 1950ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್ ಜಪಾನಿನಲ್ಲಿದ್ದಾಗ, ಅಲ್ಲಿಯ ನಿಪ್ಪಾನ್ ಕೊಗಾಕು ಕಾರ್ಖಾನೆಯ ಲೆನ್ಸಿನಿಂದ ತೆಗೆದ ಚಿತ್ರವನ್ನು ನೋಡಿ ಬೆರಗಾಗಿ, ಕಾರ್ಖಾನೆಗೇ ಹೋಗಿ ಪರೀಕ್ಷಿಸಿದನು. ಯುದ್ಧದಲ್ಲಿ ಸೋತ ದೇಶದ ಅಗ್ಗದ ಸರಕೆಂದು ಜಗತ್ತು ಅದನ್ನು ತಾತ್ಸಾರದಿಂದ ಕಾಣುತ್ತಿದ್ದ ಕಾಲ. ಅವನು ತನ್ನ ಜರ್ಮನ್ ಕ್ಯಾಮರಾವನ್ನು ಬಿಡಲಿಲ್ಲ. ಅದಕ್ಕೆ ಜಪಾನಿನ ಲೆನ್ಸುಗಳನ್ನು ತೊಡಿಸಿಕೊಂಡು ಅದೇ ವರ್ಷ ಕೊರಿಯಾದ ಯುದ್ಧಭೂಮಿಗೆ ಹೋದನು. ಹೆಸರನ್ನು ನೋಡದೆ ಚಿತ್ರವನ್ನು ನೋಡಿ ನಿರ್ಣಯಿಸಿದನೆಂಬುದು ಅವನ ಹೆಚ್ಚುಗಾರಿಕೆ. ಗ್ರೀನ್‌ಲಾ ಬದಲಿಸಲಿಲ್ಲ, ಡಂಕನ್ ಬದಲಿಸಿದನು. ಇಬ್ಬರಿಗೂ ತಮ್ಮ ಮುಂದಿನ ಕೆಲಸ ಯಾವುದೆಂಬುದು ಗೊತ್ತಿತ್ತು.

ನನ್ನ ಕೆಲಸ ಯಾವುದೆಂಬುದನ್ನು ಪರೀಕ್ಷಿಸುವುದಕ್ಕಾಗಿ ನಾನು ಪರಿಚಿತರೊಬ್ಬರಿಂದ ಬೇರೆ ಕಂಪನಿಯ ಹೊಸ ಕ್ಯಾಮರಾವೊಂದನ್ನು ಎರಡು ದಿನಗಳ ಮಟ್ಟಿಗೆ ತಂದುಕೊಂಡು, ನನ್ನದನ್ನೂ ಜೊತೆಗಿಟ್ಟುಕೊಂಡು ಇಟಗಿಗೆ ಹೋದೆನು. ಇಟಗಿಯ ಮಹಾದೇವಾಲಯವು 1112ರಲ್ಲಿ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕಟ್ಟಿಸಿದುದೆಂಬುದನ್ನೂ ಅಲ್ಲಿಯ ಶಾಸನವು ಅದನ್ನು ದೇವಾಲಯಚಕ್ರವರ್ತಿಯೆಂದು ಕರೆದಿದೆಯೆಂಬುದನ್ನೂ ನಮ್ಮ ಜಿಲ್ಲೆಯ ವಾಚಕರಿಗೆ ಮತ್ತೆ ಹೇಳಬೇಕಾಗಿಲ್ಲ. 1926ರಲ್ಲಿ ಪ್ರಕಟವಾದ ಹೆನ್ರಿ ಕಝಿನ್ಸನ ಚಾಲುಕ್ಯ ವಾಸ್ತುವಿನ ಗ್ರಂಥದಲ್ಲಿ ಅದರ ಚಿತ್ರಗಳಿವೆ. ಅವನ್ನು ನಾನು ಎಷ್ಟೋ ಸಲ ಅಸೂಯೆಯಿಂದ ನೋಡಿದ್ದೇನೆ. ಅಂದಿನ ಉಪಕರಣದಿಂದ ಅಷ್ಟನ್ನು ಮಾಡಿದವರ ಮುಂದೆ ನನ್ನ ಗೊಣಗಾಟ ನಾಚಿಕೆಗೇಡು.

ಬೆಳಗಿನ ಓರೆಬಿಸಿಲಿನಲ್ಲಿ ಶಾಸನದ ಅಕ್ಷರಗಳನ್ನು ತೆಗೆದೆ. ಅಕ್ಷರವನ್ನು ಎಬ್ಬಿಸಿ ನಿಲ್ಲಿಸುವುದು ಓರೆಯಾಗಿ ಬೀಳುವ ಬೆಳಕು. ಸೂರ್ಯನು ಮೇಲೇರಿದರೆ ಯಾವ ಕ್ಯಾಮರಾವೂ ಅದನ್ನು ಓದಿಸಲಾರದು. ಸೂರ್ಯನು ಸರಿಯಾದ ಮೂಲೆಯಲ್ಲಿದ್ದರೆ ಎರಡೂ ಸಮನಾಗಿ ಓದಿಸಿದವು. ಮುಕ್ಕಾಲಿಯ ಮೇಲಿನ ಈ ಕೆಲಸದಲ್ಲಿ ಎರಡೂವರೆ ಲಕ್ಷದ ಭೇದ ನನಗೆ ಕಾಣಲಿಲ್ಲ. ಒಳಮಂಟಪಕ್ಕೆ ಹೋದಾಗ ಮಾತ್ರ ಬೇರೆಯಾಯಿತು. ಕಡೆದ ಕಂಬಗಳ ಮೇಲಿನ ಕತ್ತಲೆಯ ಭುವನೇಶ್ವರಿಯನ್ನು ಹೊಸ ಕ್ಯಾಮರಾ ಕೈಯಲ್ಲಿ ಹಿಡಿದೇ ತೆಗೆಯಿತು. ನನ್ನ ಕ್ಯಾಮರಾದಲ್ಲಿ ಬರಿಯ ಮಸಿಯಾಗಿ ಬರುತ್ತಿದ್ದ ಮೂಲೆಗಳಲ್ಲಿ ಬಳ್ಳಿಯ ಸುರುಳಿಗಳು ಎದ್ದುಬಂದವು. ಇಷ್ಟು ವರ್ಷ ನಾನು ಆ ಮಂಟಪದ ಕೆಳಗೆ ನಿಂತಿದ್ದರೂ ಆ ಸುರುಳಿಗಳನ್ನು ನೋಡಿರಲಿಲ್ಲ. ಉಪಕರಣವು ಏನನ್ನೂ ಬದಲಿಸದೆಂಬ ಮಾತು ಅಲ್ಲಿಯೇ ಸುಳ್ಳಾಯಿತು, ಒಪ್ಪಿಕೊಳ್ಳಬೇಕಾದುದನ್ನು ಒಪ್ಪಿಕೊಳ್ಳುತ್ತೇನೆ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಮನೆಗೆ ಬಂದು ಎಣಿಸಿದರೆ ಹೊಸ ಕ್ಯಾಮರಾದಲ್ಲಿ 412 ಚಿತ್ರಗಳು, ಹಳೆಯದರಲ್ಲಿ 37. ಹಳೆಯದರಲ್ಲಿ ತೆಗೆದ ಪ್ರತಿಯೊಂದನ್ನೂ ಎಲ್ಲಿ ನಿಂತು, ಏಕೆ ತೆಗೆದೆನೆಂದು ಹೇಳಬಲ್ಲೆ. 412ರಲ್ಲಿ ಮುನ್ನೂರರಷ್ಟು ನಾನು ತೆಗೆದವೋ ಅದು ತಾನೇ ತೆಗೆದುಕೊಂಡಿತೋ ತಿಳಿಯದು. ಇದು ಯಂತ್ರದ ದೋಷವೆನ್ನಲಾರೆ. ಹೊಸದು ಕೈಗೆ ಬಂದ ಹುಡುಗನ ಹಾಗೆ ನಾನು ನಡೆದುಕೊಂಡೆನು.

ಈ ನಡುವೆ ನನ್ನ ಅಣ್ಣನ ಮಗನೂ ಇದೇ ಪ್ರಶ್ನೆಯನ್ನು ಹೊತ್ತುಕೊಂಡು ಬಂದನು. ಅವನದು ಹವ್ಯಾಸವಲ್ಲ, ಅನ್ನ. ಸಾಲಕ್ಕೆ ನನ್ನ ಜಾಮೀನು ಬೇಕಾಗಿತ್ತು. ಏಕೆ ಬದಲಿಸಬೇಕೆಂದು ಕೇಳಿದೆ. ಕೊಪ್ಪಳದ ಸ್ಟುಡಿಯೋದವರೆಲ್ಲ ಬದಲಿಸಿದ್ದಾರೆಂದನು. ಅದು ಕಾರಣವಲ್ಲವೆಂದೆ. ಗಿರಾಕಿಗಳು ಕ್ಯಾಮರಾದ ಹೆಸರನ್ನು ಕೇಳಿಯೇ ಮುಂಗಡ ಕೊಡುತ್ತಾರೆಂದನು. ಅದು ಅರ್ಧ ಕಾರಣ; ವ್ಯಾಪಾರದಲ್ಲಿ ಅರ್ಧ ಕಾರಣಕ್ಕೂ ಬೆಲೆಯುಂಟು. ಆಗ ನಾನು, ಕಳೆದ ಎರಡು ವರ್ಷಗಳಲ್ಲಿ ಕ್ಯಾಮರಾದ ದೆಸೆಯಿಂದ ಕೆಟ್ಟ ಚಿತ್ರಗಳನ್ನು ಆರಿಸಿಕೊಂಡು ಬಾ ಎಂದು ಕಳುಹಿದೆ. ಹನ್ನೊಂದನ್ನು ತಂದನು. ಇಬ್ಬರೂ ಕುಳಿತು ಒಂದೊಂದನ್ನೂ ತೆರೆದು, ನನ್ನ ಮುದುಕಿಯ ಚಿತ್ರವನ್ನು ಪರೀಕ್ಷಿಸಿದ ಹಾಗೆಯೇ ಪರೀಕ್ಷಿಸಿದೆವು. ಏಳರಲ್ಲಿ ತಪ್ಪು ಅವನದೇ ಎಂದು ಅವನೇ ನಗುತ್ತ ಒಪ್ಪಿಕೊಂಡನು. ಉಳಿದ ನಾಲ್ಕರಲ್ಲಿ ಒಂದು ಮಾಂಗಲ್ಯಧಾರಣೆಯದು. ಅಕ್ಷತೆ ಬೀಳುತ್ತಿರುವಾಗ ದೃಷ್ಟಿಯು ಅಕ್ಕಿಕಾಳುಗಳನ್ನು ಹಿಡಿದು, ವಧುವಿನ ಮುಖವನ್ನು ಬಿಟ್ಟಿತ್ತು. ಕಾಲ, ಗ್ರಹಣಶಕ್ತಿ ಎಲ್ಲವೂ ಸರಿಯಾಗಿಯೇ ಇದ್ದವು. ಹುಡುಗನು ಮಾಡಬಹುದಾದುದನ್ನೆಲ್ಲ ಮಾಡಿದ್ದನು. ಆ ಮನೆಯವರು ಇವನಿಗೆ ಪೂರ್ತಿ ಹಣವನ್ನು ಕೊಟ್ಟರಂತೆ, ಬೈಯಲೂ ಇಲ್ಲವಂತೆ. ಆದರೆ ಹುಡುಗಿಯ ತಂದೆ ಆ ಚಿತ್ರವನ್ನು ನೋಡುತ್ತ ಬಹಳ ಹೊತ್ತು ಸುಮ್ಮನಿದ್ದನಂತೆ. ಇದನ್ನು ಹೇಳುವಾಗ ಇವನೂ ಸುಮ್ಮನಾದನು.

ನಾನು ಜಾಮೀನಿಗೆ ಸಹಿ ಹಾಕಿದೆನು. ಗುಡಿಯ ಕಲ್ಲು ನಾಳೆಯೂ ಅಲ್ಲಿಯೇ ಇರುತ್ತದೆ. ಹೋದ ಮುಹೂರ್ತ ಮರಳಿ ಬರುವುದಿಲ್ಲ. ಪರರ ಜೀವನದ ಅಂಥ ಕ್ಷಣವನ್ನು ಹಣ ಪಡೆದು ಕಾಪಾಡಿಕೊಡುತ್ತೇನೆಂದು ಒಪ್ಪಿಕೊಂಡವನು ಅದಕ್ಕೆ ತಕ್ಕ ಉಪಕರಣವನ್ನು ಇಟ್ಟುಕೊಳ್ಳುವುದು ಶೋಕಿಯಲ್ಲ. ಸಾಲದ ಕಂತು ಅವನ ಒಂದು ಸುಗ್ಗಿಯ ಮದುವೆಗಳ ಗಳಿಕೆಗಿಂತ ಮೀರಬಾರದೆಂದು ಮಾತ್ರ ಕರಾರು ಮಾಡಿದೆ. ಅಣ್ಣನ ಎರಡು ಲೆನ್ಸುಗಳನ್ನು ಮಾರಿ ಸ್ವಲ್ಪ ಸಾಲವನ್ನು ತಗ್ಗಿಸೋಣವೆಂದೂ ಹೇಳಿದೆ. ಅವುಗಳಿಗೆ ಬರುವ ಬೆಲೆಯನ್ನು ಕೇಳಿ ಅವನು ನಕ್ಕು, ಬಳೆಯೊಂದನ್ನು ತರಿಸಿ ತನ್ನ ಹೊಸ ಕ್ಯಾಮರಾಕ್ಕೆ ಅವನ್ನೇ ತೊಡಿಸಿಕೊಂಡನು. ದೃಷ್ಟಿಯನ್ನು ಕೈಯಿಂದಲೇ ಹೊಂದಿಸಬೇಕು. ಮದುವೆಯ ಗದ್ದಲದಲ್ಲಿ ಅವು ನಡೆಯುವುದಿಲ್ಲ. ಬಿಡುವಿನ ದಿನ ಮಗಳನ್ನು ಕೂರಿಸಿ ಅದರಲ್ಲಿ ತೆಗೆಯುತ್ತಾನೆ.

ನಾನು ಬದಲಿಸಲಿಲ್ಲ. ನನ್ನ ಕೆಲಸದ ಹೆಚ್ಚಿನ ಭಾಗಕ್ಕೆ ಹಳೆಯದು ಸಾಕೆಂಬುದು ಒಂದು ಕಾರಣ. ಹೊಸದನ್ನು ಕಲಿಯಲು ಅಂಜಿಕೆಯೆಂಬುದು ಇನ್ನೊಂದು. ಯಾವುದು ದೊಡ್ಡದೆಂದು ತೂಗಿ ನೋಡಲು ನನಗೆ ಧೈರ್ಯವಿಲ್ಲ. ಇಟಗಿಯ ಆ ಬಳ್ಳಿಯ ಸುರುಳಿಗಳು ಮನಸ್ಸಿನಲ್ಲಿವೆ. ಅವುಗಳಿಗಾಗಿ ಅಣ್ಣನ ಮಗನ ಕ್ಯಾಮರಾವನ್ನು ವರ್ಷಕ್ಕೊಂದು ದಿನ ಎರವಲು ಪಡೆದರಾಯಿತು. ಮದುವೆಗಳಿಲ್ಲದ ಆಷಾಢದಲ್ಲಿ ಅವನು ಕೊಡುತ್ತಾನೆ.

ಮುದುಕಿಯ ಗಂಡನು ಇನ್ನೂ ಇದ್ದಾನೆ. ತೊಂಬತ್ತರ ಸಮೀಪ. ಹೋದ ಸೋಮವಾರ ಮುಂಜಾನೆ ಎಂಟು ಗಂಟೆಗೆ, ಬಾಗಿಲಿನಿಂದ ಬೆಳಕು ಒಳಗೆ ಬರುವ ಹೊತ್ತು ನೋಡಿಕೊಂಡು ಹೋಗಿ, ಹೊಸ್ತಿಲ ಬಳಿ ಕುರ್ಚಿಯನ್ನಿಟ್ಟು ಆತನನ್ನು ಕೂರಿಸಿದೆ. ಆತನು ರುಮಾಲು ಸುತ್ತಿಕೊಳ್ಳುವುದಕ್ಕೇ ಕಾಲು ಗಂಟೆಯಾಯಿತು, ಕಾದೆನು. ಆರು ಚಿತ್ರಗಳನ್ನು ತೆಗೆದೆ. ಎಲ್ಲವೂ ಸರಿಯಾಗಿ ಬಂದಿವೆ. ಒಂದನ್ನು ಅಚ್ಚುಹಾಕಿಸಿ ಕೊಟ್ಟಾಗ ಆತನು ಕಣ್ಣಿನ ಹತ್ತಿರ ಹಿಡಿದು ನೋಡಿ, ಚೆನ್ನಾಗಿದೆಯೆಂದು ಹೇಳಿ, ಆಕೆಯದೂ ನನ್ನಲ್ಲಿ ಒಂದಿತ್ತಲ್ಲವೆ ಎಂದು ಕೇಳಿದನು. ಇದೆಯೆಂದೆ, ಮಸುಕಾಗಿದೆಯೆಂದೆ. ಮಸುಕಾದರೂ ನಕ್ಕದ್ದು ಅದರಲ್ಲಿಯೇ ಅಲ್ಲವೆ, ಅದನ್ನೂ ಹಾಕಿಸಿಕೊಂಡು ಬಾ ಎಂದನು. ನಾಳೆ ಕುಕನೂರಿಗೆ ಹೋಗಬೇಕು.